ಐ5, ಐ7 ಆಚೆಗೆ: ಪ್ರೊಸೆಸರ್ ಹೆಸರನ್ನು ಪೂರ್ತಿ ಓದುವುದು ಹೇಗೆ?

ಎದುರಿಗೆ ಎರಡು ಹಳೆಯ ಲ್ಯಾಪ್‌ಟಾಪ್ ಇವೆ. ಒಂದಕ್ಕೆ ಇಂಟೆಲ್ ಪ್ರೊಸೆಸರ್‌ನ (ಕಂಪ್ಯೂಟರಿನ ಮಿದುಳಿನಂಥ ಚಿಪ್) ಕೋರ್ ಐ7 ಸ್ಟಿಕ್ಕರ್, ಇನ್ನೊಂದಕ್ಕೆ ಕೋರ್ ಐ5. ಕೈ ಐ7 ಕಡೆಗೇ ಹೋಗುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಅವುಗಳ ಪೂರ್ತಿ ಹೆಸರು ಐ7-7500ಯು ಮತ್ತು ಐ5-8250ಯು ಆಗಿದ್ದರೆ, ಭಾರದ ಕೆಲಸದಲ್ಲಿ ಗೆಲ್ಲುವುದು ಐ5. ಐ7ರಲ್ಲಿ ಇರುವುದು ಎರಡೇ ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ), ಐ5ರಲ್ಲಿ ನಾಲ್ಕು. ತಮಾಷೆ ಏನೆಂದರೆ, ಐ7ರ ಮೂಲ ವೇಗ 2.7 ಗಿಗಾಹರ್ಟ್ಸ್, ಐ5ರದ್ದು ಬರೀ 1.6. ಗಿಗಾಹರ್ಟ್ಸ್ ನೋಡಿ ಕೊಂಡವರೂ ಇಲ್ಲಿ ಮೋಸ ಹೋಗುತ್ತಾರೆ.

ಹಾಗಾಗಿ ಮೊದಲ ಕೆಲಸ, ಹೆಸರನ್ನು ಪೂರ್ತಿ ಬರೆದುಕೊಳ್ಳುವುದು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋದರೆ ಅಲ್ಲೇ ಇರುತ್ತದೆ. ಮಾರುವವರು ಸುಮ್ನೆ 'ಐ5 ಪ್ರೊಸೆಸರ್' ಎಂದಷ್ಟೇ ಹಾಕಿದ್ದರೆ ಬಿಡಬೇಡಿ, ಪೂರ್ತಿ ನಂಬರ್ ಕೇಳಿ.

ಆಮೇಲೆ ಜನರೇಷನ್, ಅಂದರೆ ಚಿಪ್ ಎಷ್ಟನೇ ತಲೆಮಾರಿನದು ಎಂಬುದು. ಇಂಟೆಲ್‌ನ ಐ ಸರಣಿಯಲ್ಲಿ ಅಡ್ಡಗೆರೆಯ ನಂತರದ ಅಂಕಿಯೇ ಇದನ್ನು ಹೇಳುತ್ತದೆ. 8250 ಅಂದರೆ 8ನೇ ಜನರೇಷನ್. ನಂಬರ್ 1ರಿಂದ ಶುರುವಾದರೆ ಮೊದಲ ಎರಡು ಅಂಕಿ ಒಟ್ಟಿಗೆ ಓದಿ: 12400 ಆಗಲಿ, 1255 ಆಗಲಿ, ಎರಡೂ 12ನೆಯದೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನಲ್ಲಿ 8ನೇ ಜನರೇಷನ್ ಅಥವಾ ಅದರಾಚೆಯದೇ ಬೇಕು.

2023ರ ಕೊನೆಗೆ ಇಂಟೆಲ್ 'ಐ' ಅಕ್ಷರವನ್ನೇ ಬಿಡಲು ಶುರು ಮಾಡಿತು. ಈಗ ಕೋರ್ ಅಲ್ಟ್ರಾ 5 125ಎಚ್ ಇದೆ, ಅಲ್ಟ್ರಾ ಇಲ್ಲದ ಕೋರ್ 5 120ಯು ಕೂಡ ಇದೆ. ಅಣ್ಣತಮ್ಮಂದಿರಂತೆ ಕಂಡರೂ ಒಳಗಿನ ವಿನ್ಯಾಸ ಬೇರೆ. ಎರಡನೆಯದು 13ನೇ ಜನರೇಷನ್‌ನ ವಿನ್ಯಾಸಕ್ಕೇ ಹೊಸ ಹೆಸರು ಕೊಟ್ಟಿದ್ದು.

ಇಂಟೆಲ್‌ನ ಪ್ರತಿಸ್ಪರ್ಧಿ ಕಂಪನಿ ಎಎಂಡಿಯದ್ದು ಇನ್ನೂ ಜಾಣತನ. ರೈಜೆನ್ 7000 ಸರಣಿಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ನೋಡಬೇಕಾದ್ದು ಮೂರನೇ ಅಂಕಿ. ರೈಜೆನ್ 5 7520ಯುನಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ, ನಾಲ್ಕು ಕೋರ್. ರೈಜೆನ್ 5 7530ಯುನಲ್ಲಿ ಅದು 3, ಅಂದರೆ ಝೆನ್ 3, ಆರು ಕೋರ್. ಒಂದೇ ಒಂದು ಅಂಕಿಯ ವ್ಯತ್ಯಾಸ! ಇಂಥ ಹೆಸರು ಇಡುವವರಿಗೆ ಕೊಳ್ಳುವವರ ಮೇಲೆ ಕನಿಕರ ಇಲ್ಲ ಅಂತಲೇ ನನ್ನ ಅನಿಸಿಕೆ.

ಕೊನೆಯ ಅಕ್ಷರ ಮರೆಯಬೇಡಿ. 'ಯು' ಇದ್ದರೆ ಕಡಿಮೆ ಕರೆಂಟ್ ಸಾಕು, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. 'ಎಚ್' ಇದ್ದರೆ ಶಕ್ತಿ ಜಾಸ್ತಿ, ಬಿಸಿಯೂ ಜಾಸ್ತಿ. ಡೆಸ್ಕ್‌ಟಾಪ್ ಚಿಪ್‌ನಲ್ಲಿ 'ಎಫ್' ಕಂಡರೆ ಹುಷಾರು. ಐ5-12400ಎಫ್‌ನಂಥವುಗಳಲ್ಲಿ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಇರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಹಾಗೆ ಅರ್ಧ ದಿನ ಕೇಬಲ್ ಬದಲಾಯಿಸುತ್ತಾ ಕೂತವರಲ್ಲಿ ನಾನೂ ಒಬ್ಬ.

ಇನ್ನು ಕೋರ್ ಎಣಿಸುವಾಗಲೂ ಒಂದು ಸಿಕ್ಕು ಇದೆ. 12ನೇ ಜನರೇಷನ್‌ನಿಂದ ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ವೇಗದ ದೊಡ್ಡ ಕೋರ್, ಕರೆಂಟ್ ಉಳಿಸುವ ಚಿಕ್ಕ ಕೋರ್ ಅಂತ ಎರಡು ಬಗೆ. ಐ7-1255ಯುನಲ್ಲಿ ಹತ್ತು ಕೋರ್ ಇವೆ, ಆದರೆ ದೊಡ್ಡವು ಎರಡೇ. ಐ5-12450ಎಚ್‌ನಲ್ಲಿ ಎಂಟೇ ಕೋರ್, ಅದರಲ್ಲಿ ನಾಲ್ಕು ದೊಡ್ಡವು. ವಿಡಿಯೊ ಎಡಿಟಿಂಗ್‌ನಂಥ ಕೆಲಸಕ್ಕೆ ಎಂಟು ಕೋರಿನದ್ದೇ ವಾಸಿ. ಬೆಳಿಗ್ಗೆಯಿಂದ ಸಂಜೆವರೆಗೆ ಟೈಪಿಂಗ್, ಇಮೇಲ್ ಅಷ್ಟೇ ಆದರೆ 1255ಯು ಸಾಕು, ಚಾರ್ಜರ್ ಹುಡುಕುವ ಕಷ್ಟವೂ ಕಡಿಮೆ.

ಹಳೇ ಡೆಸ್ಕ್‌ಟಾಪ್‌ಗೆ ಬರೀ ಪ್ರೊಸೆಸರ್ ಹಾಕಿಸುವುದಾದರೆ ಮದರ್‌ಬೋರ್ಡ್‌ನ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಯಾವುದು ನೋಡಿ. ಎಲ್‌ಜಿಎ 1700 ಸಾಕೆಟ್‌ಗೆ ಇಂಟೆಲ್‌ನ 12, 13, 14ನೇ ಜನರೇಷನ್ ಕೂರುತ್ತವೆ. ಬೋರ್ಡ್ 12ರ ಕಾಲದ್ದಾಗಿದ್ದರೆ ಹೊಸ ಚಿಪ್ ಹಾಕುವ ಮೊದಲೇ ಬಯಾಸ್ (ಬೋರ್ಡ್‌ನಲ್ಲೇ ಇರುವ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಸಿ.

ಎರಡು ಚಿಪ್‌ಗಳ ನಡುವೆ ಇನ್ನೂ ತೂಗಾಡುತ್ತಿದ್ದರೆ ಎರಡರ ಪೂರ್ತಿ ಹೆಸರನ್ನೂ ಒಟ್ಟಿಗೆ ಹಾಕಿ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ಅಂಕ ಹುಡುಕಿ. ಜೊತೆಗೆ ನೀವು ಕೊಳ್ಳಲಿರುವ ಅದೇ ಲ್ಯಾಪ್‌ಟಾಪ್‌ನ ವಿಮರ್ಶೆಯನ್ನೂ ಓದಿ. ತೆಳ್ಳಗಿನ ಮೈಯಲ್ಲಿ ಬಿಸಿ ಹೊರಹೋಗದೆ ಒಳ್ಳೆಯ ಚಿಪ್ ಕೂಡ ನಿಧಾನವಾಗಿಬಿಡುತ್ತದೆ.