ದುಂಡಗಿನ ಒರಳುಕಲ್ಲು, ಏಳು ಅಡಿಕೆ

ಶಿರಸಿ ಮನೆಯ ಹಳೇ ಒರಳುಕಲ್ಲನ್ನು ಮೊಬೈಲಲ್ಲಿ ಎರಡು ಸಲ 3ಡಿ ಸ್ಕ್ಯಾನ್ ಮಾಡಿದ್ದೆ, ಅಂಗಳದ ಬದಿಯಿಂದ ಒಮ್ಮೆ, ಗೋಡೆ ಬದಿಯಿಂದ ಒಮ್ಮೆ. ಕ್ಲೌಡ್‌ಕಂಪೇರ್ ಎಂಬ ಸಾಫ್ಟ್‌ವೇರಿನಲ್ಲಿ ಐಸಿಪಿ (ಎರಡು ಸ್ಕ್ಯಾನನ್ನು ತಾನೇ ಹೊಂದಿಸುವ ವಿಧಾನ) ಓಡಿಸಿದರೆ ಎರಡೂ ಚಂದ ಕೂತವು, ದೋಷದ ಅಂಕಿಯೂ ಸಣ್ಣದೇ. ಆದರೆ ಅಂಚಿನಲ್ಲಿ ಇರುವುದು ಒಂದೇ ಒಡಕು, ಪರದೆ ಮೇಲೆ ಎರಡು!

1992ರಲ್ಲಿ ಬೆಸ್ಲ್, ಮೆಕೇ ಎಂಬ ಸಂಶೋಧಕರು ವಿವರಿಸಿದ ವಿಧಾನವದು. ಪ್ರತಿ ಬಿಂದುವಿಗೆ ಇನ್ನೊಂದು ಸ್ಕ್ಯಾನಿನ ಅತಿ ಹತ್ತಿರದ ಬಿಂದುವನ್ನು ಜೋಡಿ ಮಾಡಿ, ದೂರ ತಗ್ಗುವಂತೆ ಸರಿಸಿ, ಮತ್ತೆ ಜೋಡಿ ಹುಡುಕುತ್ತದೆ. ದುಂಡು ಕಲ್ಲನ್ನು ಹೇಗೆ ತಿರುಗಿಸಿದರೂ ದೂರ ಹೆಚ್ಚುಕಮ್ಮಿ ಅಷ್ಟೇ. ಅದಕ್ಕೇನು ಗೊತ್ತು, ಪಾಪ.

ಗುರುತಿಗೆಂದು ಕಲ್ಲಿಗೆ ಒದ್ದೆ ಮಣ್ಣು ಹಚ್ಚಿ ಏಳು ಅಡಿಕೆ ಅಂಟಿಸಿದೆ, ಬೇಕಂತಲೇ ಅಂತರ ಏರುಪೇರು ಮಾಡಿ. ಸಮ ಅಂತರದಲ್ಲಿಟ್ಟರೆ ಮತ್ತದೇ ಗೋಳು. "ತಮಾ, ಅಡಿಕೆ ಹಾಳ್ಮಾಡಡ" ಅಂದಳು ಆಯಿ.

ಮತ್ತೆ ಸ್ಕ್ಯಾನ್ ಮಾಡಿ, ಎರಡರಲ್ಲೂ ಕಾಣುವ ನಾಲ್ಕು ಅಡಿಕೆಯ ತುದಿಗಳನ್ನು ಕೈಯಾರೆ ಗುರುತಿಸಿ ಮೊದಲು ಒರಟಾಗಿ ಜೋಡಿಸಿದೆ. ಆಮೇಲೆ ಐಸಿಪಿ. ಅಲ್ಲಿ ಓವರ್‌ಲ್ಯಾಪ್ (ಎರಡೂ ಸ್ಕ್ಯಾನಲ್ಲಿ ಇರುವ ಭಾಗ) ಮೊದಲೇ 100% ಅಂತಿರುತ್ತದೆ, ಅದನ್ನು 40ಕ್ಕೆ ಇಳಿಸಿದೆ, ಅರ್ಧ ಕಲ್ಲಿಗೆ ಆಚೆ ಜೋಡಿಯೇ ಇಲ್ಲವಲ್ಲ. ಈಗ ಒಡಕು ಒಂದೇ. ಅಡಿಕೆ ತೊಳೆದು ಆಯಿಗೆ ವಾಪಸ್ ಕೊಟ್ಟೆ, ಎಣಿಸಿ ತಗೊಂಡಳು.