ಸೀರೆಯ ಬಣ್ಣ ಫೋಟೊದಲ್ಲೂ ಅದೇ ಇರಬೇಕೇ?

ತಂಗಿಯ ಮದುವೆಗೆಂದು ಚಿಕ್ಕಪೇಟೆಯಲ್ಲಿ ಆರಿಸಿದ ಸೀರೆಯ ಫೋಟೊವನ್ನು ಅಂಗಡಿಯಿಂದಲೇ ಹುಬ್ಬಳ್ಳಿಯ ಅತ್ತೆಗೆ ಕಳಿಸಿದ್ದೆ. ನನ್ನ ಫೋನಿನಲ್ಲಿ ಅದು ಅಪ್ಪಟ ಬದನೆಕಾಯಿ ಬಣ್ಣ. ಅತ್ತೆಯ ಉತ್ತರ: ‘ನೀಲಿ ಸೀರಿ ಯಾಕ ತಗೊಂಡ್ರಿ?’ ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮೂರನೆಯದೇ ಬಣ್ಣ! ಊರವರ ಪರದೆಗಳನ್ನೆಲ್ಲ ತಿದ್ದಲು ನಮ್ಮಿಂದಾಗದು. ನಮ್ಮ ಕಡೆಯಿಂದ ಹೊರಡುವ ಫೋಟೊ ಸರಿಯಿರುವಂತೆ ನೋಡಿಕೊಳ್ಳಬಹುದು, ಅಷ್ಟೆ.

ಮೊದಲು ಬೆಳಕು. ಅಂಗಡಿಯೊಳಗೆ ಮೇಲಿಂದ ಎಲ್‌ಇಡಿ, ಬಾಗಿಲಿಂದ ಬಿಸಿಲು. ಎರಡೂ ಬೆರೆತರೆ, ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ತಬ್ಬಿಬ್ಬಾಗುತ್ತದೆ. ಸೀರೆಯನ್ನು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಹಾಸಿ, ಕೋಣೆಯ ಲೈಟು ಆರಿಸಿ. ಕ್ಯಾಮೆರಾ ಬಣ್ಣ ತಿದ್ದದೆ ಉಳಿಸುವ ‘ರಾ’ ಫೈಲ್ ಸೌಲಭ್ಯವಿದ್ದರೆ ಅದರಲ್ಲೇ ತೆಗೆಯಿರಿ. ಮೊದಲ ಫೋಟೊದಲ್ಲಿ ಸೀರೆಯ ಮೇಲೊಂದು ಗ್ರೇ ಕಾರ್ಡ್ (ಬೇರೆ ಛಾಯೆಯಿಲ್ಲದ ಬೂದು ಬಣ್ಣದ ಕಾರ್ಡು) ಇರಲಿ. ಎಡಿಟ್ ಮಾಡುವಾಗ ವೈಟ್ ಬ್ಯಾಲೆನ್ಸ್ ಡ್ರಾಪರನ್ನು ಆ ಬೂದು ಬಣ್ಣದ ಮೇಲೆ ಒತ್ತಿ, ಅದೇ ಸೆಟ್ಟಿಂಗನ್ನು ಉಳಿದ ಫೋಟೊಗಳಿಗೂ ಹಾಕಿ. ಕಾರ್ಡಿನ ಬದಲು ಪ್ರಿಂಟರಿನ ಬಿಳಿ ಹಾಳೆ ಸಾಲದೇ ಎನ್ನುವವರಿದ್ದಾರೆ. ಆ ಹಾಳೆ ಬೆಳ್ಳಗೆ ಕಾಣಲೆಂದು ಬೆರೆಸಿದ ರಾಸಾಯನಿಕವೇ ಅದಕ್ಕೆ ತುಸು ನೀಲಿ ಛಾಯೆ ಕೊಟ್ಟಿರುತ್ತದೆ, ನೀಲಿಯಲ್ಲಿ ಅದ್ದಿ ಒಣಹಾಕಿದ ಪಂಚೆಯ ಹಾಗೆ.

ಆಮೇಲೆ ಪರದೆ. ಲ್ಯಾಪ್‌ಟಾಪ್ ಅರ್ಧ ಗಂಟೆ ಆನ್ ಆಗಿರಲಿ. ಆಟೊ ಬ್ರೈಟ್‌ನೆಸ್, ನೈಟ್ ಲೈಟ್ ಎರಡನ್ನೂ ಆಫ್ ಮಾಡಿ. ನನ್ನ ‘ಮೂರನೆಯ ಬಣ್ಣ’ದ ಗುಟ್ಟು ಇದೇ: ಸಂಜೆಯಾದರೆ ತಾನಾಗಿ ಹಳದಿಗೆ ತಿರುಗುವ ನೈಟ್ ಲೈಟ್. ಫೋನಿನ ಡಿಸ್‌ಪ್ಲೇ ‘ವಿವಿಡ್’ನಲ್ಲಿದ್ದರೆ ‘ನ್ಯಾಚುರಲ್’ಗೆ ಬದಲಿಸಿ. ದುಡ್ಡಿಗೆ ಫೋಟೊ ತೆಗೆಯುವವರಾದರೆ ಕಲರಿಮೀಟರ್ ಬೇಕೇ ಬೇಕು. ಪರದೆಯ ಮೇಲೆ ಇಳಿಬಿಟ್ಟರೆ ಅದು ಒಂದೊಂದೇ ಬಣ್ಣ ಅಳೆಯುತ್ತದೆ. ಆ ಲೆಕ್ಕದಿಂದ ಪರದೆಯ ತಪ್ಪನ್ನು ಸರಿದೂಗಿಸುವ ಐಸಿಸಿ ಪ್ರೊಫೈಲ್ ಸಿದ್ಧವಾಗುತ್ತದೆ. ಬಿಳುಪು 6500 ಕೆಲ್ವಿನ್, ಗಾಮಾ (ಕಪ್ಪು-ಬಿಳುಪಿನ ನಡುವಿನ ಹೊಳಪಿನ ಏರಿಕೆ) 2.2, ಪ್ರಖರತೆ 100ರಿಂದ 120 ನಿಟ್ಸ್ ಎಂದಿಟ್ಟುಕೊಳ್ಳಿ.

ಕಳಿಸುವಾಗ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡದಲ್ಲೇ ಎಕ್ಸ್‌ಪೋರ್ಟ್ ಮಾಡಿ, (ಪರದೆಯದ್ದಲ್ಲ) ಎಸ್‌ಆರ್‌ಜಿಬಿಯ ಪ್ರೊಫೈಲನ್ನೂ ಫೈಲಿನೊಳಗೆ ಸೇರಿಸಿ. ಎಸ್‌ಆರ್‌ಜಿಬಿ 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದು. ಹಳತಾದರೂ ಅಗ್ಗದ ಫೋನಿಗೂ ಅರ್ಥವಾಗುತ್ತದೆ. ಹೆಚ್ಚು ಬಣ್ಣ ಹಿಡಿಯುತ್ತದೆಂದು ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಮಾನದಂಡದಲ್ಲಿ ಕಳಿಸಿದಿರೋ, ಪ್ರೊಫೈಲ್ ಓದದ ಆ್ಯಪ್‌ನಲ್ಲಿ ಹೊಸ ಸೀರೆ ಹತ್ತು ಸಲ ಒಗೆದಂತೆ ಕಾಣುತ್ತದೆ.

ಇಷ್ಟೆಲ್ಲ ಮಾಡಿ ಹೊಸ ಫೋಟೊ ತೆಗೆದೆ. ಮಡಿಕೆಗಳಲ್ಲಿ ಇನ್ನೂ ನೀಲಿ! ಸೀರೆಯನ್ನೇ ಕೈಗೆತ್ತಿಕೊಂಡು ಓರೆ ಮಾಡಿ ನೋಡಿದೆ: ಹಾಸು ನೀಲಿ, ಹೊಕ್ಕು ರಾಣಿ ಬಣ್ಣ. ಇಂಥ ರೇಷ್ಮೆಗೆ ಒಂದು ಫೋಟೊ ಸಾಲದು. ಸೆರಗನ್ನು ಮೆಲ್ಲಗೆ ಅಲ್ಲಾಡಿಸುತ್ತ ಹತ್ತು ಸೆಕೆಂಡಿನ ವಿಡಿಯೊ ಮಾಡಿ ಕಳಿಸಿದೆ.

‘ಅಂದ್ರ ಎರಡೂ ಬಣ್ಣ ಅದಾವ ಅನ್ನು,’ ಅಂದರು ಅತ್ತೆ.