ಎರಡು ಸಣ್ಣ ಏರ್‌ಪೋರ್ಟ್‌ಗಳ ನಡುವೆ: ದೂರ, ಸಮಯ ನಾನು ಲೆಕ್ಕ ಹಾಕುವ ಬಗೆ

ನಮ್ಮ ತಂಡದವರ ಪ್ರಯಾಣ ಗೊತ್ತುಮಾಡುವ ಕೆಲಸ ನನ್ನದು. ನಿತ್ಯದ ವಿಮಾನ ಇರುವ ಕಡೆ ವೇಳಾಪಟ್ಟಿ ನೋಡಿದರೆ ಸಾಕು. ಬಾಡಿಗೆ ವಿಮಾನ ಬೇಕಾದಾಗ ಮಾತ್ರ ಲೆಕ್ಕ ನಾವೇ ಹಾಕಬೇಕು. ದೂರ ಸುಲಭಕ್ಕೆ ಸಿಗುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಸಮಯಕ್ಕೆ.

ಮೊದಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳುತ್ತೇನೆ. 12 ಡಿಗ್ರಿ 30 ನಿಮಿಷ ಅಂದರೆ 12.5, 12.30 ಅಲ್ಲ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಧ್ರುವದ ಕಡೆ ಹೋದಷ್ಟೂ ಕಿರಿದಾಗುತ್ತದೆ, ಹಾಗಾಗಿ ಅದನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. 30ನೇ ಅಕ್ಷಾಂಶದ ಆಸುಪಾಸಿನ ಎರಡು ನಿಲ್ದಾಣ ಎಂದುಕೊಳ್ಳಿ. ಉತ್ತರ ದಕ್ಷಿಣವಾಗಿ 2 ಡಿಗ್ರಿ ಅಂತರ, ಅಂದರೆ 222 ಕಿ.ಮೀ. ಪೂರ್ವ ಪಶ್ಚಿಮವಾಗಿ 3 ಡಿಗ್ರಿ, ಅಂದರೆ 288 ಕಿ.ಮೀ. ಪೈಥಾಗರಸ್ ಸೂತ್ರ ಹಾಕಿದರೆ 364 ಕಿ.ಮೀ. ಸಾವಿರಾರು ಕಿ.ಮೀ. ದೂರಕ್ಕೆ ಇದು ನಡೆಯುವುದಿಲ್ಲ, ಅಲ್ಲಿ ಭೂಮಿಯ ತ್ರಿಜ್ಯ 6371 ಕಿ.ಮೀ. ಹಿಡಿದು ಗೋಳದ ಮೇಲಿನ ದೂರ ಕೊಡುವ ಹಾವರ್ಸೈನ್ ಸೂತ್ರವನ್ನೇ ಬಳಸಬೇಕು.

ಆದರೆ ವಿಮಾನ ಗೆರೆ ಎಳೆದ ಹಾಗೆ ಹೋಗುವುದಿಲ್ಲ ಅಲ್ವಾ? ಗಾಳಿಗೆ ಎದುರಾಗಿ ಏರಬೇಕು. ರನ್‌ವೇ ಬೇರೆ ದಿಕ್ಕಿಗಿದ್ದರೆ ಏರಿದ ಮೇಲೆ ತಿರುಗಬೇಕು. ಇಳಿಯುವಾಗಲೂ ಸುತ್ತು ಇರುತ್ತದೆ. ಅದಕ್ಕೆ ನಾನು ನೂರಕ್ಕೆ ಹತ್ತರಷ್ಟು ಸೇರಿಸಿ 400 ಕಿ.ಮೀ. ಹಿಡಿಯುತ್ತೇನೆ.

ಎಟಿಆರ್ 72ರಂಥ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ಇರುವ ವಿಮಾನ, ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಅಂದರೆ 48 ನಿಮಿಷ. ಜೆಟ್ 800ರಲ್ಲಿ ಹೋದರೆ 30 ನಿಮಿಷ ಸಾಕಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಕಾಗದದ ಮೇಲೆ ಹೌದು. ಆದರೆ ಇಳಿಯುವುದಕ್ಕೆ ಪೈಲಟ್‌ಗಳ ಅಂದಾಜು, ಪ್ರತಿ ಸಾವಿರ ಅಡಿಗೆ 3 ನಾಟಿಕಲ್ ಮೈಲಿ. 30,000 ಅಡಿಯಿಂದ ಇಳಿಯಲು 90 ನಾಟಿಕಲ್ ಮೈಲಿ, ಅಂದರೆ 167 ಕಿ.ಮೀ. ಬೇಕು. ಏರುವುದಕ್ಕೂ ಜಾಗ ಬೇಕಲ್ಲ! ಪೂರ್ತಿ ವೇಗದಲ್ಲಿ ಹಾರಲು ಉಳಿಯುವುದು ಸ್ವಲ್ಪ ದೂರ ಮಾತ್ರ. ಇಷ್ಟು ಹತ್ತಿರದ ಊರುಗಳಿಗೆ ನಾನು ಟರ್ಬೊಪ್ರಾಪ್ ಕಡೆಯೇ.

ಗಾಳಿಯನ್ನು ಮರೆಯುವಂತಿಲ್ಲ. ಗಂಟೆಗೆ 100 ಕಿ.ಮೀ. ಎದುರುಗಾಳಿ ಇದ್ದರೆ 48 ನಿಮಿಷದ್ದು 60 ಆಗುತ್ತದೆ. ಹಿಂತಿರುಗುವಾಗ ಅದೇ ಗಾಳಿ ಬೆನ್ನಿಗೆ ಬಂದರೆ 40. ಹೋಗಿ ಬರಲು ಒಟ್ಟು 100 ನಿಮಿಷ, ಗಾಳಿಯೇ ಇಲ್ಲದಿದ್ದರೆ 96. ಎದುರಿಗೆ ಕಳೆದುಕೊಂಡದ್ದು ಬೆನ್ನಿಗೆ ಪೂರ್ತಿ ವಾಪಸ್ ಬರುವುದಿಲ್ಲ.

ಇದರ ಮೇಲೆ ಏರುವಾಗ ಇಳಿಯುವಾಗಿನ ನಿಧಾನಕ್ಕೆ 10 ನಿಮಿಷ, ನೆಲದ ಮೇಲಿನ ಓಡಾಟಕ್ಕೆ ಎರಡೂ ಕಡೆ ಸೇರಿ ಇನ್ನೊಂದು 10 ಹಾಕುತ್ತೇನೆ. ಸಣ್ಣ ನಿಲ್ದಾಣದಲ್ಲಿ ದಟ್ಟಣೆ ಕಡಿಮೆ ನಿಜ. ಆದರೆ ಕೆಲವು ಕಡೆ ರನ್‌ವೇ ಪಕ್ಕದಲ್ಲಿ ಟ್ಯಾಕ್ಸಿವೇ, ಅಂದರೆ ವಿಮಾನ ನೆಲದ ಮೇಲೆ ಓಡಾಡುವ ದಾರಿ, ಇರುವುದಿಲ್ಲ. ವಿಮಾನ ರನ್‌ವೇ ಮೇಲೆಯೇ ತುದಿಯವರೆಗೆ ಹೋಗಿ, ತಿರುಗಿ, ಆಮೇಲೆ ಏರಬೇಕು. ಅಂಥ ಕಡೆ 5 ನಿಮಿಷ ಜಾಸ್ತಿ ಬರೆಯುತ್ತೇನೆ. ವೇಳಾಪಟ್ಟಿಯಲ್ಲಿರುವ ಸಮಯವೂ ಇದೇ, ವಿಮಾನ ನಿಂತ ಜಾಗದಿಂದ ಹೊರಟು ಇನ್ನೊಂದು ಕಡೆ ನಿಲ್ಲುವವರೆಗಿನದು. ಬರೀ ಆಕಾಶದಲ್ಲಿದ್ದ ಹೊತ್ತಲ್ಲ.

ಹಾಗಾಗಿ ಈ ಮಾರ್ಗಕ್ಕೆ ನನ್ನ ಹಾಳೆಯಲ್ಲಿ ದೂರ 364 ಕಿ.ಮೀ., ಸಮಯ 60ರಿಂದ 80 ನಿಮಿಷ ಎಂದಿರುತ್ತದೆ. ಮುಂದಿನ ವಿಮಾನ ಹಿಡಿಯಬೇಕಾದವರಿಗೆ 80ನ್ನೇ ಹೇಳುತ್ತೇನೆ.